ಏಳು ಕೆಂಪು ಬಟ್ಟೆಗಳು

“ಕುಣೀಬೇಡ್ವೇ ಮಿಡತೆ! ದೋಣಿ ಮಗುಚಿದ್ರೆ ನಿನ್ನನ್ನ ಎತ್ತೋಕೆ ನಾನಂತೂ ನೀರಿಗೆ ಹಾರಲ್ಲ!” ಹಿಂದೆ ಕೂತು ಹುಟ್ಟು ಹಾಕುತ್ತಿದ್ದ ಅಣ್ಣ ಕೂಗಿದ.

“ಕುಣೀತಿಲ್ಲ ಕಣೋ, ಕೊಂಬೆಗೆ ಕಟ್ಟಿರೋ ಬಟ್ಟೆ ಬಿಚ್ತಿದ್ದೀನಿ. ಇದು ಏಳನೇದು!” ಎಂದು ಅವಳು ಒದ್ದೆ ಬಟ್ಟೆಯನ್ನು ಜೇಬಿಗೆ ತುರುಕಿದಳು. ಒಂದು ಕಡೆ ಕೂತಲ್ಲಿ ಕೂರದ ಅವಳನ್ನು ಮನೆಯಲ್ಲಿ ಎಲ್ಲರೂ ಮಿಡತೆ ಎಂದೇ ಕರೆಯುತ್ತಿದ್ದರು.

ಅವರ ಅತ್ತೆಗೆ ಪ್ರವಾಸಿಗರನ್ನು ದೋಣಿಯಲ್ಲಿ ಈ ತೊರೆಯುದ್ದಕ್ಕೂ ಕರೆದೊಯ್ಯುವ ಕೆಲಸ. ಮೊದಲು ದಟ್ಟ ಕಾಡು. ಮರಗಳು ಬೇರುಗಳನ್ನು ನೀರಿಗೆ ಇಳಿಬಿಟ್ಟು ಕೂತಿರುತ್ತವೆ. ಆಮೇಲೆ ಜೌಗು, ಆಳೆತ್ತರದ ಜೊಂಡು, ಕುರುಚಲು ಮರ, ನಡುವೆ ಕವಲೊಡೆಯುವ ನೀರು. ಪ್ರತಿ ಮಳೆಗಾಲದಲ್ಲಿ ಜೊಂಡು ಹಳೇ ದಾರಿ ಮುಚ್ಚಿ ಹೊಸದನ್ನು ತೆರೆಯುತ್ತದೆ. ಅದಕ್ಕೇ ಇವತ್ತು, ಮನೆಯವರೆಲ್ಲ ಕೆರೆ ಹತ್ತಿರ ಊಟಕ್ಕೆ ಹೊರಟ ದಿನ, ಅತ್ತೆ ಮುಂದೆ ಹೋಗಿ, ಪ್ರತಿ ಕವಲಿನಲ್ಲೂ ಸರಿಯಾದ ದಾರಿಯ ಕಡೆಗೆ ಒಂದೊಂದು ಕೆಂಪು ಬಟ್ಟೆ ಕಟ್ಟಿದ್ದರು. ಕಾಡಿನಲ್ಲಿ ಒಂದು ದಾರದ ಎಳೆಯೂ ಉಳಿಯಬಾರದು. ಕೊನೆಯ ದೋಣಿಯವರು ಎಲ್ಲವನ್ನೂ ಬಿಚ್ಚಿಕೊಂಡು ಬರಬೇಕು. ಅದು ಅತ್ತೆಯ ಕಾನೂನು.

ಬಟ್ಟೆಗಳೆಲ್ಲ ನೀರಿಗೆ ತಾಗುವಷ್ಟು ಕೆಳಗಿದ್ದವು. ನನ್ನ ಕೈಗೆ ಎಟುಕಲಿ ಅಂತಲೇ ಅತ್ತೆ ಹೀಗೆ ಕಟ್ಟಿದ್ದಾರೆ ಎಂದು ಮಿಡತೆ ಬೀಗಿದಳು.

ಜೊಂಡು ಮುಗಿದು ಕೆರೆ ತೆರೆದುಕೊಂಡಿತು. ಮರದ ಅಟ್ಟಣೆಯ ಮೇಲೆ ಅತ್ತೆ ಚಾಪೆ ಹಾಸುತ್ತಿದ್ದರು.

“ಬಂದ್ರಾ? ತಾತ ಎಷ್ಟು ಹಿಂದಿದ್ದಾರೆ?”

“ತಾತ ಊಟ ತಗೊಂಡು ಸ್ಕೂಟರಲ್ಲಿ ಬರ್ತಾರಲ್ವಾ?” ಅಣ್ಣ ಕೇಳಿದ.

“ಸ್ಕೂಟರ್ ನಿನ್ನೆಯಿಂದ ಗ್ಯಾರೇಜಲ್ಲಿ ಮಲಗಿದೆ. ಸಣ್ಣ ದೋಣೀಲಿ ಬರ್ತಾರೆ ಅಂತ ಬೆಳಗ್ಗೇನೇ ಹೇಳಿದ್ನಲ್ಲೋ! ಎಲ್ಲಿ ಕೇಳಿಸ್ಕೊಂಡ್ರಿ, ಲೈಫ್ ಜಾಕೆಟ್‌ಗೆ ಜಗಳ ಆಡ್ತಿದ್ರಿ.”

ಮಿಡತೆ ಥಟ್ಟನೆ ಜೊಂಡಿನ ಕಡೆ ತಿರುಗಿದಳು. ಹಾಗಾದರೆ ಕೊನೆಯ ದೋಣಿ ತಮ್ಮದಲ್ಲ! ತಾತ ಒಬ್ಬರೇ ಬರುತ್ತಿದ್ದಾರೆ. ಜೊಂಡಿನ ನಡುವೆ ಈಗ ಒಂದೂ ಗುರುತಿಲ್ಲ. ಫೋನಿಗೆ ಇಲ್ಲಿ ಸಿಗ್ನಲ್ಲೂ ಇಲ್ಲ.

ಗಾಳಿಗೆ ಹಾರಿಹೋದವು ಅನ್ನಲೇ ಎಂದು ಒಂದು ಕ್ಷಣ ಅನಿಸಿತು. ಆದರೆ ಅವಳ ಕೈ ಆಗಲೇ ಜೇಬಿಗೆ ಹೋಗಿತ್ತು. ಏಳು ಬಟ್ಟೆಗಳನ್ನೂ ತೆಗೆದು ಹಲಗೆಯ ಮೇಲಿಟ್ಟಳು.

“ಅತ್ತೆ... ನಾನು ಎಲ್ಲಾನೂ ಬಿಚ್ಚಿಬಿಟ್ಟೆ.”

ಅತ್ತೆ ಬಟ್ಟೆಗಳನ್ನು ನೋಡಿದರು, ಅವಳ ಮುಖ ನೋಡಿದರು. ಬೈಯಲಿಲ್ಲ. “ದೋಣಿ ಹತ್ತು. ನಾನು ಹುಟ್ಟು ಹಾಕ್ತೀನಿ, ನೀನು ಕಟ್ಟು” ಅಂದರು.

“ನಾನಿಲ್ಲೇ ಇದ್ದು ಕೂಗ್ತಿರ್ತೀನಿ. ಆದ್ರೂ ಬೇಗ ಬನ್ನಿ, ನನ್ನ ಊಟಾನೂ ತಾತನ ಹತ್ರಾನೇ ಇದೆ” ಅಂದ ಅಣ್ಣ.

ಬರುವಾಗ ದೋಣಿಯನ್ನು ತಳ್ಳಿದ್ದ ನೀರೇ ಈಗ ಎದುರು ನಿಂತು ಜಗಳಕ್ಕೆ ಬಂತು. ಏಳನೇ ಕವಲಿನಲ್ಲಿ ಮಿಡತೆ ಒಂದು ಕೊಂಬೆಯನ್ನು ಬಗ್ಗಿಸಿ, ತುದಿಗೆ ಬಟ್ಟೆ ಕಟ್ಟಿ ಬಿಟ್ಟಳು. ಕೊಂಬೆ ಚಿಮ್ಮಿ, ಬಟ್ಟೆ ಬಾವುಟದ ಹಾಗೆ ಮೇಲೇರಿತು. ಅತ್ತೆ ಏನೋ ಹೇಳಲು ಬಾಯಿ ತೆರೆದವರು, ಸುಮ್ಮನಾದರು. ಆರು, ಐದು, ನಾಲ್ಕು. ಎಲ್ಲವೂ ಹಾಗೇ, ಎತ್ತರದಲ್ಲಿ.

“ತಾತಾ! ತಾತಾ!” ಕೂಗಿ ಕೂಗಿ ಗಂಟಲು ಕಟ್ಟಿತು. ಒಂದು ಮಿಂಚುಳ್ಳಿ ಮಾತ್ರ ಬೆದರಿ ಹಾರಿತು.

ಮೂರನೇ ಕವಲಿನಲ್ಲಿ, ದೋಣಿಯನ್ನು ಬೇರಿಗೆ ಕಟ್ಟಿಕೊಂಡು, ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ತಾತ ಕೂತಿದ್ದರು. ತುಟಿಯ ಮೇಲೆ ಬೆರಳು.

“ಶ್! ನೀರುನಾಯಿ ಮರಿ. ಮೂರಿವೆ. ಆ ಬೇರಿನ ಹಿಂದೆ ನೋಡು.”

ಮೀಸೆಯ ಪುಟ್ಟ ಮುಖವೊಂದು ಇಣುಕಿ ಮುಳುಗಿತು.

“ಮೊದಲಿನ ಎರಡು ಕವಲು ಹೇಗೋ ದಾಟಿದೆ. ಇಲ್ಲಿ ಬಟ್ಟೆ ಕಾಣ್ಲಿಲ್ಲ, ನಿಂತ್ಬಿಟ್ಟೆ” ಅಂದರು ತಾತ.

“ಬಿಚ್ಚಿದ್ದು ನಾನು, ತಾತ.”

“ಹೌದಾ? ಹಾಗಾದ್ರೆ ಈ ಮರಿಗಳನ್ನ ತೋರಿಸಿದ್ದೂ ನೀನೇ ಆಯ್ತಲ್ಲ!” ತಾತ ಡಬ್ಬಿಯ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಅವಳಿಗೆ ಕೊಟ್ಟರು.

ಹೊರಟಾಗ ತಾತನ ದೋಣಿ ಮುಂದೆ, ಅತ್ತೆಯದು ಹಿಂದೆ. ನಾಲ್ಕನೇ ಕವಲು ಬಂತು. ಮೇಲೆ ಕೆಂಪು ಬಟ್ಟೆ ಪಟಪಟ ಹಾರುತ್ತಿತ್ತು. ತಾತ ಈಗ ನೋಡುತ್ತಾರೆ, ಈಗ ಹೊಗಳುತ್ತಾರೆ ಎಂದು ಮಿಡತೆ ಕಾದಳು. ತಾತನ ದೋಣಿ ಬಟ್ಟೆಯ ಕೆಳಗೇ ಹಾದು ಎಡಕ್ಕೆ, ತಪ್ಪು ದಾರಿಗೆ ತಿರುಗಿತು.

“ತಾತಾ, ಬಲಕ್ಕೆ! ಬಟ್ಟೆ ಇದೆಯಲ್ಲ!”

“ಎಲ್ಲಮ್ಮಾ?” ತಾತ ಇಡೀ ಮೈಯನ್ನೇ ಹಿಂದಕ್ಕೆ ವಾಲಿಸಿದರು. ಟೋಪಿ ಜಾರಿ ದೋಣಿಯೊಳಗೆ ಬಿತ್ತು. “ಅಬ್ಬಾ, ಅಷ್ಟು ಮೇಲಾ!”

ತಾತನ ಕತ್ತು ಮೇಲಕ್ಕೆ ಏಳುವುದಿಲ್ಲ. ಹೋದ ವರ್ಷದಿಂದ ಗೋಡೆ ಗಡಿಯಾರದಲ್ಲಿ ಗಂಟೆ ಎಷ್ಟು ಎಂದು ಅವರು ಮಿಡತೆಯನ್ನೇ ಕೇಳುತ್ತಿದ್ದರು.

ಅವಳಿಗೆ ಬೆಳಗಿನ ಬಟ್ಟೆಗಳು ನೆನಪಾದವು. ಅಷ್ಟು ಕೆಳಗೆ, ನೀರಿನ ಪಕ್ಕದಲ್ಲೇ. ಅವು ತನ್ನ ಕೈಗಾಗಿ ಕಟ್ಟಿದ್ದಲ್ಲ. ಹಿಂದೆ ತಿರುಗಿ ನೋಡಿದಳು. ಅತ್ತೆ ಏನೂ ಗೊತ್ತಿಲ್ಲದವರ ಹಾಗೆ ಹುಟ್ಟಿಗೆ ಸುತ್ತಿಕೊಂಡಿದ್ದ ಪಾಚಿ ಬಿಡಿಸುತ್ತಿದ್ದರು.

“ಅತ್ತೆ, ನಾವು ಬೇಗ ಮುಂದೆ ಹೋಗೋಣ್ವಾ? ಇನ್ನೂ ಮೂರಿದೆ.”

ಅತ್ತೆ ನಕ್ಕರು; ಮಿಡತೆ ಆ ಬಟ್ಟೆ ಬಿಚ್ಚಿಕೊಂಡಿದ್ದೇ ಹುಟ್ಟನ್ನು ಜೋರಾಗಿ ಎಳೆದರು.

ಐದನೇ ಕವಲಿನಲ್ಲಿ ಮಿಡತೆ ಕೊಂಬೆಯನ್ನು ಬಗ್ಗಿಸಿ ಬಟ್ಟೆ ಬಿಚ್ಚಿದಳು. ನೀರಿನ ಮೇಲೆ ಬಾಗಿದ್ದ ಗಿಡವೊಂದನ್ನು ಹುಡುಕಿ ಕಟ್ಟಿದಳು. ಗದ್ದವನ್ನು ಎದೆಗೆ ಒತ್ತಿಕೊಂಡು, ಕಣ್ಣಷ್ಟೇ ಎತ್ತಿ ನೋಡಿದಳು. ಕಾಣಿಸಿತು.

ಸ್ವಲ್ಪ ಹೊತ್ತಿಗೆ ಜೊಂಡಿನ ಆಚೆಯಿಂದ ತಾತನ ದನಿ ಬಂತು. “ಅಗೋ, ಕೆಂಪು ಬಟ್ಟೆ! ನನ್ನ ಕಣ್ಣು ಇನ್ನೂ ಎಷ್ಟು ಚುರುಕಾಗಿದೆ ನೋಡ್ರಪ್ಪಾ!”

ಅಲ್ಲೂ, ಮುಂದಿನ ಎರಡು ಕವಲುಗಳಲ್ಲೂ, ತಾತನ ದೋಣಿ ಪೂರ್ತಿ ದಾಟಿ ಹೋಗುವವರೆಗೂ ಮಿಡತೆ ಗಂಟಿಗೆ ಕೈ ಹಾಕಲಿಲ್ಲ.