ಬಟನ್‌ಗೆ ಮೂರನೇ ಬ್ಯಾಂಡೇಜ್

“ಇವನೇ ಬೀಳಿಸಿದ್ದು ಡಾಕ್ಟ್ರೇ! ಬೇರೆ ಯಾರೂ ಅಲ್ಲ!”

ವಕೀಲಮ್ಮ ತಮ್ಮನತ್ತ ಬೆರಳು ಚಾಚಿದಳು. ಅವಳಿಗಿನ್ನೂ ಹತ್ತು ವರ್ಷ. ವಾದಕ್ಕೆ ನಿಂತರೆ ಸೋಲುವವಳಲ್ಲ ಅಂತ ಮನೆಯವರೇ ಇಟ್ಟ ಅಡ್ಡಹೆಸರು ಅದು.

“ನಾನು ಬೀಳಿಸಿಲ್ಲ,” ಎಂದ ತಮ್ಮ. ಆರು ವರ್ಷದ ಅವನು ಎರಡು ತಿಂಗಳಿಂದ ಇದೇ ಮಾತು ಹೇಳುತ್ತಿದ್ದ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮೇಜಿನ ಮೇಲೆ ನಾಯಿಮರಿ ಬಟನ್ ಕುಂಯ್‌ಗುಡುತ್ತ ಮಲಗಿತ್ತು. ಮೊದಲು ಮುಂಗಾಲು ಮುರಿಯಿತು, ಆಮೇಲೆ ಹಿಂಗಾಲು, ಇವತ್ತು ಇನ್ನೊಂದು ಮುಂಗಾಲು. ಅದೇನು ಕಾಲೋ, ಚಾಕ್‌ಪೀಸೋ!

“ನನಗಂತೂ ಸಾಕಾಗಿ ಹೋಯ್ತು,” ಅಮ್ಮ ಹಣೆ ಒತ್ತಿಕೊಂಡರು. “ನಾಯಿ ನೋಡ್ಕೊಳ್ಳಲಾ, ಇವರ ಜಗಳ ಬಿಡಿಸಲಾ?”

“ಇವತ್ತು ಮರಿ ಯಾರ ಹತ್ರ ಇತ್ತು?” ಡಾಕ್ಟರ್ ಕೇಳಿದರು.

ವಕೀಲಮ್ಮ ತಡವರಿಸಿದಳು. “ನನ್ನ ತೊಡೆ ಮೇಲಿತ್ತು. ಮೆಲ್ಲಗೆ ಕೆಳಗೆ ಬಿಟ್ಟೆ, ಅಷ್ಟೇ. ಆದ್ರೆ ಅದಕ್ಕೆ ಮುಂಚೆ ಇವನೇ ಏನೋ ಮಾಡಿರ್ತಾನೆ!”

“ನಾನು ಮುಟ್ಟೇ ಇಲ್ಲ! ನೀನೇ ಬೋರ್ಡ್ ಹಾಕಿದ್ದೀಯಲ್ಲ!”

ಬೋರ್ಡ್ ಹಾಕಿದ್ದು ನಿಜ. ‘ತಮ್ಮ ಮುಟ್ಟಬಾರದು’ ಎಂದು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದು ಬಟನ್‌ನ ಬುಟ್ಟಿಗೆ ಅಂಟಿಸಿದ್ದಳು. ಕೆಳಗೆ ಮೂರು ಗೆರೆ ಬೇರೆ.

ಡಾಕ್ಟರ್ ಬಟನ್‌ನ ಬಾಯಿ ಬಿಡಿಸಿ ನೋಡಿದರು. ಹಲ್ಲುಗಳು ಗಾಜಿನ ಹಾಗಿದ್ದವು. ಎರಡು ಆಗಲೇ ಮುರಿದಿದ್ದವು. ಆಮೇಲೆ ಎಕ್ಸ್‌ರೇ ತೋರಿಸಿದರು.

“ಇಲ್ಲಿ ನೋಡಿ, ಪಕ್ಕೆಲುಬು ಮುರಿದು ತಾನಾಗೇ ಕೂಡ್ಕೊಂಡಿದೆ. ತುಂಬಾ ಹಳೇದು. ನಿಮ್ಮನೆಗೆ ಬರೋಕೆ ಮುಂಚೆಯೇ ಆಗಿರ್ಬೇಕು.”

“ಹಾಗಾದ್ರೆ ಟೈಲರ್ ಅಂಕಲ್ ಬೀಳಿಸಿದ್ರಾ?” ವಕೀಲಮ್ಮ ಬಿಡಲಿಲ್ಲ. ಮರಿ ಕೊಟ್ಟವರು ಅವರೇ.

“ಯಾರೂ ಬೀಳಿಸಿಲ್ಲಮ್ಮ. ಇದರ ಮೂಳೆ ಹುಟ್ಟಿನಿಂದಲೇ ಗಟ್ಟಿ ಇಲ್ಲ ಅನ್ಸುತ್ತೆ. ಟೆಸ್ಟ್ ಮಾಡಿ ಖಚಿತ ಮಾಡ್ಕೊಳ್ಳೋಣ. ಈ ಕಾಯಿಲೆ ಅಪ್ಪನಾಯಿ, ಅಮ್ಮನಾಯಿ ಇಬ್ಬರಿಂದಲೂ ಬರೋದು. ಅವೆರಡೂ ನೋಡೋಕೆ ಚೆನ್ನಾಗೇ ಇರ್ತವೆ.”

“ಔಷಧಿ ಕೊಟ್ರೆ ಗಟ್ಟಿ ಆಗುತ್ತಾ?” ವಕೀಲಮ್ಮ ಮತ್ತೆ ಕೇಳಿದಳು.

“ಪೂರ್ತಿ ವಾಸಿ ಮಾಡೋ ಔಷಧಿ ಇಲ್ಲ. ಹುಷಾರಾಗಿ ನೋಡ್ಕೋಬೇಕು. ನೆಗೆಯೋಕೆ ಬಿಡಬಾರ್ದು. ನಿಂತ್ಕೊಂಡು ಎತ್ತಬಾರ್ದು.”

ವಕೀಲಮ್ಮನ ಸಿಟ್ಟು ಇನ್ನೂ ಮೂಗಿನ ತುದಿಯಲ್ಲೇ ಇತ್ತು. ಯಾರ ಮೇಲೆ ತೋರಿಸುವುದು?

ಮನೆಗೆ ಬಂದು ಬಟನ್‌ನನ್ನು ಬುಟ್ಟಿಯಲ್ಲಿ ಮಲಗಿಸಿದರು. ತಮ್ಮ ದೂರದಲ್ಲಿ ಗೋಡೆಗೆ ಒರಗಿ, ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತ. ಅವನನ್ನು ನೋಡಿ ಬಟನ್ ಬಾಲ ಆಡಿಸಿತು.

“ಬಾರೋ, ಕರೀತಿದೆ,” ಎಂದಳು ವಕೀಲಮ್ಮ.

“ಬೇಡ. ನನ್ನ ಕೈ ಸರಿ ಇಲ್ಲ. ನಾನು ಮುಟ್ಟಿದ್ರೆ ಮುರಿಯುತ್ತೆ.”

ಅದು ವಕೀಲಮ್ಮನದೇ ಮಾತು. ದಿನಾ ಕೇಳಿ ಕೇಳಿ ಅವನೂ ನಂಬಿಬಿಟ್ಟಿದ್ದ.

ಅವಳು ಬೋರ್ಡನ್ನು ಪರ್ರನೆ ಕಿತ್ತಳು. ಹಿಂಬದಿಯಲ್ಲಿ ಬರೆದಳು: ‘ಕೂತ್ಕೊಂಡೇ ಎತ್ಕೋಬೇಕು. ಎಲ್ಲರೂ.’ ಆಮೇಲೆ ತಮ್ಮನನ್ನು ನೆಲದ ಮೇಲೆ ಕೂರಿಸಿ, ತೊಡೆಯ ಮೇಲೆ ದಿಂಬಿಟ್ಟು, ಅದರ ಮೇಲೆ ಬಟನ್‌ನನ್ನು ಮಲಗಿಸಿದಳು.

“ಮುರಿದ್ರೆ?” ಕೇಳಿದ ಅವನು.

“ಮುರಿದ್ರೂ ನೀನು ಮುರಿದಿದ್ದಲ್ಲ.”

ಬಟನ್ ಅವನ ಹೆಬ್ಬೆರಳು ನೆಕ್ಕಿತು. ತಮ್ಮ ಬಿಕ್ಕಿ ಬಿಕ್ಕಿ ಅಳತೊಡಗಿದ.

ಎರಡು ತಿಂಗಳಿಂದ ಅವನು ಒಮ್ಮೆಯೂ ಅತ್ತಿರಲಿಲ್ಲ ಎಂಬುದು ವಕೀಲಮ್ಮನಿಗೆ ಆಗ ಹೊಳೆಯಿತು.