ಹತ್ತಿ ಬತ್ತೀನಿ

“ಯಾವ ಬೋಗಿ ಹತ್ತಿದ್ದೀಯ? ಮುಂದಿನದಾ, ಹಿಂದಿನದಾ?”

ಬೀರೂರು ಸ್ಟೇಷನ್ನಿನಿಂದ ಮೃತ್ಯುಂಜಯನ ಫೋನು. ಶಾಂಭವಿಯ ಕೈಯಲ್ಲಿದ್ದ ಪಾತ್ರೆಗಳ ಗಂಟು ಜಾರಿ ನೆಲಕ್ಕೆ ಬಿತ್ತು.

“ಹತ್ತೋದೇನು? ನಾನಿನ್ನೂ ಕಾಲೋನೀಲೇ ಇದ್ದೀನಿ ಕಣೋ.”

“ಹತ್ತಿ ಬತ್ತೀನಿ ಅಂತ ನಿನ್ನೆ ನೀನೇ ಹೇಳ್ದಲ್ಲೇ! ಬೆಳಗ್ಗೆಯಿಂದ ಬಂದ ರೈಲಿಗೆಲ್ಲ ಇಣುಕ್ತಾ ಇದ್ದೀನಿ. ಮೈಮೇಲೆ ಹೊಸ ಶರ್ಟು ಬೇರೆ. ಟೀ ಅಂಗಡಿಯೋನು ‘ಏನಪ್ಪಾ, ಮದ್ವೆ ಗಂಡಾ?’ ಅಂದ. ಹೂಂ ಅಂದ್ಬಿಟ್ಟೆ.”

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ರೈಲಿನ ಊರಿನವನಿಗೆ ಹತ್ತುವುದೆಂದರೆ ರೈಲೇ ತಾನೆ! ಅವಳದು ಗಣಿಯ ಊರು. ಹೊನ್ನಗುಂಡಿ ಕಾಲೋನಿಯ ಗಂಡಸರು ಚಿನ್ನದ ಗಣಿಗೆ ಇಳಿಯುವ ಮುನ್ನ ಹೊಸಿಲಲ್ಲಿ ‘ಹೋಗಿ ಬತ್ತೀನಿ’ ಎನ್ನುತ್ತಿರಲಿಲ್ಲ, ‘ಹತ್ತಿ ಬತ್ತೀನಿ’ ಎನ್ನುತ್ತಿದ್ದರು; ಇಳಿದವರೆಲ್ಲ ಮೇಲೆ ಹತ್ತಿ ಬರುತ್ತಿರಲಿಲ್ಲ. ಗಣಿ ಮುಚ್ಚಿ ಒಂದು ತಲೆಮಾರೇ ಕಳೆದರೂ ಬಾಯಿ ಆ ಮಾತು ಬಿಟ್ಟಿರಲಿಲ್ಲ. ನಿನ್ನೆ ಅವನು “ಬಂದ್ಬಿಡು” ಎಂದು ಗೋಗರೆದಾಗ ಅವಳು ಬಿಕ್ಕುತ್ತ ಹೇಳಿದ್ದೂ ಅದನ್ನೇ. ಅವಳ ಪಾಲಿಗೆ ಅದು ವಿದಾಯದ ಮಾತು.

ನಾಳೆ ಮನೆಗಳನ್ನು ಕೆಡವಲು ಕಾಲೋನಿಗೆ ಜೆಸಿಬಿ ಬರುತ್ತದೆ. ಅಪ್ಪ ಚಂದ್ರಕುಮಾರ್ ಹೊಸದುರ್ಗದಲ್ಲಿ ಬಾಡಿಗೆ ಮನೆಯನ್ನೂ ಮಗಳಿಗೆ ಗಂಡನ್ನೂ ಒಂದೇ ಏಟಿಗೆ ಗೊತ್ತುಮಾಡಿ ಬಂದಿದ್ದ. ಬೀದಿಯಲ್ಲಿ ಲಾರಿ ಅರ್ಧ ತುಂಬಿತ್ತು.

“ಅದು… ಬೇರೆ ಅರ್ಥ ಕಣೋ.”

“ಅಂದ್ರೆ, ಬರಲ್ವಾ?” ಅವನ ದನಿ ಇಳಿಯಿತು. “ಸಂಜೆ ಇನ್ನೊಂದು ರೈಲಿದೆ. ಅದಕ್ಕೂ ಇಣುಕ್ತೀನಿ. ಆಮೇಲೆ ಯಾವತ್ತೂ ಕೇಳಲ್ಲ.”

ಫೋನು ಕಟ್ಟಾಯಿತು. ಶಾಂಭವಿ ಚೆಲ್ಲಿದ ಪಾತ್ರೆಗಳನ್ನು ಮತ್ತೆ ಗಂಟಿಗೆ ತುಂಬತೊಡಗಿದಳು. ಅವನಿಲ್ಲದ ಬಾಳು ತನಗೆ ಬೇಡವೇ ಬೇಡ ಎನ್ನಿಸಿತು.

ಮೂಲೆಯಲ್ಲಿ ಹಳೆಯ ಲಾಂದ್ರ ಒರೆಸುತ್ತಿದ್ದ ಅಜ್ಜಿ ಯಲ್ಲಮ್ಮ ತಲೆಯೆತ್ತಲಿಲ್ಲ. “ನಿನ್ನೆ ನೀನು ಫೋನಲ್ಲಿ ಅಂದಿದ್ದು ಕೇಳಿಸ್ತು. ನಿಮ್ಮಜ್ಜನೂ ಅದೇ ಮಾತು ಹೇಳಿ ಗಣಿಗೆ ಇಳಿದ್ರು. ಮಣ್ಣು ಕುಸೀತು, ಹತ್ತಕ್ಕಾಗ್ಲಿಲ್ಲ. ನಿಂಗೇನೇ ಧಾಡಿ?”

“ಅಪ್ಪ…”

“ಅವನು ನನ್ನ ಹೊಟ್ಟೇಲಿ ಹುಟ್ಟಿದೋನು, ನಾನು ನೋಡ್ಕೋತೀನಿ. ಆ ಹುಡುಗನ್ನ ಕಾಯಿಸ್ಬೇಡ ಕಣೇ. ಕಾಯೋದು ಅಂದ್ರೇನು ಅಂತ ನಂಗೊತ್ತು.”

ಶಾಂಭವಿ ಹಿತ್ತಲ ಬಾಗಿಲಿಗೆ ಓಡಿದಳು. ಹೊಸಿಲಲ್ಲಿ ಒಮ್ಮೆ ತಿರುಗಿದಳು. “ಅಜ್ಜೀ, ಹತ್ತಿ ಬತ್ತೀನಿ.”

ನಾಳೆ ಆ ಹೊಸಿಲೇ ಇರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

“ಹತ್ತು ಹೋಗು ಮೊದ್ಲು,” ಎಂದಳು ಅಜ್ಜಿ.

ಆಟೋ ಅಜ್ಜಂಪುರದ ಸ್ಟೇಷನ್ ಮುಟ್ಟುವಾಗ ರೈಲು ಕೂಗಿತ್ತು. ಚಪ್ಪಲಿಯೊಂದು ಪ್ಲಾಟ್‌ಫಾರ್ಮಿನಲ್ಲೇ ಉಳಿಯಿತು. ಯಾರೋ ಕೈ ನೀಡಿ ಅವಳನ್ನು ಬೋಗಿಯೊಳಕ್ಕೆ ಎಳೆದುಕೊಂಡರು. ಏದುಸಿರಿನಲ್ಲೇ ಅವಳು ಫೋನು ಮಾಡಿದಳು.

“ಹಿಂದಿನ ಬೋಗಿ ಕಣೋ.”

ಆ ಕಡೆಯಿಂದ ಮೂಗೆಳೆದ ಸದ್ದು ಕೇಳಿಸಿತು.

“ಲೇ, ಶರ್ಟಿಗೆ ಒರೆಸ್ಕೋಬೇಡ,” ಎಂದಳು ಅವಳೂ ಅಳುತ್ತ. “ಮದ್ವೆ ಗಂಡು ನೀನು.”