ಸ್ವಂತ ಅಜಾಗರೂಕತೆಯಿಂದ

ಮಾರ್ಚ್ ಹನ್ನೊಂದು, ಸೋಮವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಬಂದರು ಪೊಲೀಸ್ ಠಾಣೆಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಅಂಚೆ ಕಚೇರಿಯ ನೌಕರರು. ದೂರನ್ನು ಮನೆಯಲ್ಲೇ ಬರೆದು ತಂದಿದ್ದರು. ಒಂದೇ ಹಾಳೆ, ಒಂದೂ ಚಿತ್ತು ಇರಲಿಲ್ಲ. ಶನಿವಾರ ಸ್ಕೂಬಾ ಡೈವಿಂಗ್ ಕಲಿಯಲು ಹೋಗಿ ಸಮುದ್ರದಲ್ಲಿ ಪ್ರಾಣ ಬಿಟ್ಟ ನರ್ಸ್, ಇವರ ತಂಗಿ.

ಹೆಡ್ ಕಾನ್‌ಸ್ಟೇಬಲ್ ಕುರ್ಚಿ ಸರಿಸಿಕೊಟ್ಟರು. "ಆ ಕೇಸು ಆವತ್ತೇ ದಾಖಲಾಗಿದೆಯಲ್ಲಮ್ಮ. ಅಸಹಜ ಸಾವು ಅಂತ."

"ಗೊತ್ತು. ಅದರಲ್ಲಿ ಒಂದು ಸಾಲಿದೆ. ಅದಕ್ಕೇ ಬಂದೆ."

ಇನ್‌ಸ್ಪೆಕ್ಟರ್ ಕಡತ ತರಿಸಿಕೊಂಡರು. ಶನಿವಾರದ ಪಂಚನಾಮೆಯ ಎರಡನೇ ಪುಟದಲ್ಲಿ ಆ ಸಾಲು ಇತ್ತು: 'ಮೃತಳು ನೀರಿನಡಿಯಲ್ಲಿ ಗಾಬರಿಗೊಂಡು, ತರಬೇತಿಯಲ್ಲಿ ಹೇಳಿದ್ದನ್ನು ಮರೆತು, ಸ್ವಂತ ಅಜಾಗರೂಕತೆಯಿಂದ ಒಮ್ಮೆಲೇ ಮೇಲಕ್ಕೆ ಧಾವಿಸಿದ್ದರಿಂದ ಮರಣ ಸಂಭವಿಸಿರುತ್ತದೆ.' ಡೈವಿಂಗ್ ಕೇಂದ್ರದ ತರಬೇತುದಾರ ಕೊಟ್ಟ ಹೇಳಿಕೆಯ ಮೇಲೆ ಬರೆದದ್ದು. ಕೆಳಗೆ ಇನ್‌ಸ್ಪೆಕ್ಟರರದೇ ಸಹಿ.

"ನನ್ನ ತಂಗಿ ಗಾಬರಿ ಬೀಳೋ ಹೆಂಗಸಲ್ಲ ಸರ್. ಹತ್ತೊಂಬತ್ತು ವರ್ಷ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದಾಳೆ. ಮಗು ನೀಲಿಗಟ್ಟಿದಾಗ ತಾಯಿ ಕಿರಿಚ್ತಾಳೆ, ಇವಳು ಕಿರಿಚಲ್ಲ."

"ನೀರಿನಡಿ ಬೇರೆ ಅಮ್ಮ. ಗಟ್ಟಿಗರೂ ಹೆದರ್ತಾರೆ."

"ಹೆದರಿರಬಹುದು. ಹೆದರಿದ್ರೆ ಹೆದರಿದ್ಲು ಅಂತ ತಿಳ್ಕೊಂಡು ಬರೀರಿ. ಒಬ್ಬರ ಬಾಯಿಮಾತು ಕೇಳಿ ಬರೀಬೇಡಿ."

ಇನ್‌ಸ್ಪೆಕ್ಟರ್ ಆ ಪುಟವನ್ನು ಮತ್ತೆ ತೆರೆದರು. ಆಕೆಯೇ ಮುಂದುವರಿಸಿದರು. ತಂಗಿಗೆ ನಲವತ್ತಮೂರು. ಮದುವೆಯಾಗಿರಲಿಲ್ಲ, ಇಬ್ಬರೂ ಒಟ್ಟಿಗಿದ್ದರು. ಡೈವಿಂಗ್ ಕಲಿಯುವ ಹುಚ್ಚು ಹಿಡಿದಾಗಿನಿಂದ ಆಸ್ಪತ್ರೆಯ ಲಿಫ್ಟ್ ಬಿಟ್ಟು ಮೂರು ತಿಂಗಳು ಮೆಟ್ಟಿಲು ಹತ್ತಿದ್ದಳು. ಹೃದಯ, ಶ್ವಾಸಕೋಶ, ಕಿವಿ, ಎಲ್ಲ ಪರೀಕ್ಷೆ ಮಾಡಿಸಿಕೊಂಡಿದ್ದಳು. ಕೇಂದ್ರದವರು ಕೊಟ್ಟ ಆರೋಗ್ಯದ ಅರ್ಜಿಯಲ್ಲಿ ಬಾಲ್ಯದ ಕೆಮ್ಮನ್ನೂ ಬಿಡದೆ ಬರೆದಿದ್ದಳು.

"ಊಟಕ್ಕೆ ಕೂತಾಗ ನನಗೇ ಪಾಠ ಹೇಳೋಳು. ಮೇಲೆ ಬರುವಾಗ ಉಸಿರು ಕಟ್ಟಬಾರದಕ್ಕಾ, ನಿಧಾನ ಬರಬೇಕಕ್ಕಾ ಅಂತ. ನನಗೇ ಬಾಯಿಪಾಠ ಆಗಿದೆ. ಅವಳು ಮರೀತಾಳಾ?"

ಹತ್ತೂ ಐದಕ್ಕೆ ಎಫ್‌ಐಆರ್ ದಾಖಲಾಯಿತು.

ಠಾಣೆಯಲ್ಲಿ ಸಮುದ್ರದ ಆಳ ಕಂಡವರೆಂದರೆ ಮಹಿಳಾ ಕಾನ್‌ಸ್ಟೇಬಲ್ ಒಬ್ಬಳೇ. ಹೆಡ್ ಕಾನ್‌ಸ್ಟೇಬಲ್‌ಗಂತೂ ಸ್ನಾನದ ಬಕೆಟ್ಟಿಗಿಂತ ಆಳದ ನೀರಿನ ಪರಿಚಯ ಇರಲಿಲ್ಲ. ಅದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು. ಕಾನ್‌ಸ್ಟೇಬಲ್ ಆರು ವರ್ಷದ ಹಿಂದೆ ಇಲಾಖೆಯ ರಕ್ಷಣಾ ದಳಕ್ಕೆಂದು ಡೈವಿಂಗ್ ಕಲಿತಿದ್ದಳು. ಕಲಿಸಿದವರು ಇದೇ ತರಬೇತುದಾರ. ಕಡಲತೀರದಲ್ಲಿ ಎಲ್ಲರೂ ಅವರನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು.

"ನಿನಗೆ ಕಷ್ಟ ಆದ್ರೆ ಹೇಳು, ಬೇರೆಯವರನ್ನ ಕರೆಸ್ತೀನಿ," ಎಂದರು ಇನ್‌ಸ್ಪೆಕ್ಟರ್.

"ಬೇಡ ಸರ್. ನಾನೇ ನೋಡ್ತೀನಿ."

ಇಬ್ಬರೂ ಮೊದಲು ಹೋದದ್ದು ಸರ್ಕಾರಿ ಆಸ್ಪತ್ರೆಗೆ. ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರು ನಿಂತುಕೊಂಡೇ ವಿವರಿಸಿದರು. ಆಳದಲ್ಲಿ ಎಳೆದುಕೊಂಡ ಗಾಳಿ, ಮೇಲೆ ಬಂದಹಾಗೆ ಹಿಗ್ಗುತ್ತದೆ. ಬೇಗ ಬಂದರೆ ಹೊರಹೋಗಲು ಅವಕಾಶ ಸಾಲದೆ ಶ್ವಾಸಕೋಶ ಹರಿಯುತ್ತದೆ. ಗಾಳಿಯ ಗುಳ್ಳೆ ರಕ್ತದೊಳಗೆ ಸೇರಿ ಮಿದುಳಿಗೆ ಹೋಗುತ್ತದೆ.

"ಅಂದ್ರೆ ಉಸಿರು ಕಟ್ಟಿದ್ರು ಅಂತಲೇ?" ಇನ್‌ಸ್ಪೆಕ್ಟರ್ ಕೇಳಿದರು.

"ಹಾಗೇನಿಲ್ಲ. ತೀರಾ ವೇಗ ಇದ್ರೆ ಉಸಿರು ಬಿಡ್ತಾ ಬಂದ್ರೂ ಆಗಬಹುದು."

"ಮಾಸ್ಟರನ್ನೂ ಆವತ್ತು ಇಲ್ಲಿಗೇ ತಂದಿದ್ರಲ್ಲ, ಯಾರು ನೋಡಿದ್ರು?" ಕಾನ್‌ಸ್ಟೇಬಲ್ ಕೇಳಿದಳು.

ಡಾಕ್ಟರು ಹೊರರೋಗಿ ವಿಭಾಗದ ಚೀಟಿ ಹುಡುಕಿಸಿದರು. ಶನಿವಾರ, ಮಧ್ಯಾಹ್ನ ಹನ್ನೆರಡು ಹತ್ತು. ಸುಸ್ತು, ತಲೆನೋವು, ನಾಲಿಗೆಯ ಬಲ ಅಂಚಿನಲ್ಲಿ ಕಚ್ಚಿದ ಗಾಯ. ದೋಣಿಗೆ ದವಡೆ ತಾಗಿ ಆದದ್ದೆಂದು ರೋಗಿ ಹೇಳಿದ್ದ.

"ದವಡೆ ಮೇಲೆ ಗಾಯ ಇತ್ತಾ?"

"ಬರೆದಿಲ್ಲ." ಡಾಕ್ಟರು ಚೀಟಿಯನ್ನು ಇನ್ನೊಮ್ಮೆ ನೋಡಿದರು. "ನಾಲಿಗೆ ಹೀಗೆ ಪಕ್ಕದಲ್ಲಿ ಕಚ್ಚಿಕೊಳ್ಳೋದು ಸಾಮಾನ್ಯವಾಗಿ ಫಿಟ್ಸ್ ಬಂದೋರು. ಇಷ್ಟರ ಮೇಲೇ ಹೌದು ಅಂತ ಹೇಳೋಕಾಗಲ್ಲ."

ದೋಣಿ ನಡೆಸುವವನು ಬಲೆಯ ಗೋದಾಮಿನ ಹಿಂದೆ ಎಂಜಿನ್ ಬಿಚ್ಚಿಕೊಂಡು ಕೂತಿದ್ದ. ಶನಿವಾರ ಅವನೂ ಹೇಳಿಕೆ ಕೊಟ್ಟಿದ್ದ, ಮೂರು ಸಾಲು.

"ಮೇಲೆ ಮೊದಲು ಯಾರು ಬಂದ್ರು?" ಇನ್‌ಸ್ಪೆಕ್ಟರ್ ಕೇಳಿದರು.

"ಇಬ್ರೂ ಒಟ್ಟಿಗೇ ಬಂದ್ರು ಸರ್. ಬುಸ್ ಅಂತ."

"ಆವತ್ತು ಇದನ್ನ ಹೇಳಲಿಲ್ಲ?"

"ನೀವು ಕೇಳಲಿಲ್ಲ. ಮಾಸ್ಟರ್ ಹೇಳಿದ್ರು, ಈಯಮ್ಮ ಹೆದರಿ ಓಡಿದ್ರು, ಹಿಡಿಯೋಕೆ ಹೋದೆ ಅಂತ. ನನಗೂ ಹಾಗೇ ಕಾಣ್ತು."

"ಹಾಗೇ ಅಂದ್ರೆ?"

ಅವನು ಕೈಗೆ ಹತ್ತಿದ ಎಣ್ಣೆ ಒರೆಸಿಕೊಂಡ. "ಈಯಮ್ಮನ ಒಂದು ಕೈ ಮಾಸ್ಟರ್ ಸಿಲಿಂಡರಿನ ಪಟ್ಟಿಗೆ ಸಿಕ್ಕಿಸಿಕೊಂಡಿತ್ತು. ಬಿಡಿಸೋಕೆ ಒಂದೊಂದೇ ಬೆರಳು ಎತ್ತಬೇಕಾಯ್ತು. ಇನ್ನೊಂದು ಕೈ ಅವರ ಬಾಯಿ ಹತ್ರ. ಉಸಿರಾಡೋ ಪೈಪು ಕಿತ್ಕೊಳ್ತಿದಾರೆ ಅಂದ್ಕೊಂಡೆ. ಹೆದರಿದೋರು ಹಾಗೆ ಮಾಡ್ತಾರೆ."

"ಕಿತ್ಕೊಳ್ತಿದ್ರಾ, ಒತ್ತಿ ಹಿಡಿದಿದ್ರಾ?" ಕಾನ್‌ಸ್ಟೇಬಲ್ ಕೇಳಿದಳು.

ದೋಣಿಯವನು ತನ್ನ ಅಂಗೈಯನ್ನೇ ಬಾಯಿಗೆ ಒತ್ತಿ ನೋಡಿಕೊಂಡ. "ಹೀಗೆ ಇತ್ತಕ್ಕ," ಎಂದ.

"ಮಾಸ್ಟರ್ ಸೊಂಟದಲ್ಲಿ ಮುಳುಗೋಕೆ ಭಾರಕ್ಕೆ ಕಟ್ಟೋ ಸೀಸದ ಬೆಲ್ಟ್ ಇತ್ತಾ?"

"ಇರಲಿಲ್ಲ. ಬಿದ್ದುಹೋಯ್ತು ಅಂದ್ರು. ಅವರೂ ಮಂಪರಿನಲ್ಲಿದ್ರು, ದೋಣಿಗೆ ದವಡೆ ತಾಗ್ತು ಅಂದ್ರು."

ಮುಳುಗುವವರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಡೈವ್ ಕಂಪ್ಯೂಟರ್ ನೋಡಲು ದಪ್ಪ ಕೈಗಡಿಯಾರದಂತಿರುತ್ತದೆ. ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ಐದೈದು ಸೆಕೆಂಡಿಗೊಮ್ಮೆ ಬರೆದಿಡುತ್ತದೆ. ಸತ್ತಾಕೆಯದು ಶನಿವಾರವೇ ಜಪ್ತಿಯಾಗಿ ಠಾಣೆಯ ಬೀರುವಿನಲ್ಲಿತ್ತು. ಮಾಸ್ಟರ್‌ದನ್ನು ಮಂಗಳವಾರ ಬೆಳಿಗ್ಗೆ ಇಬ್ಬರು ಪಂಚರ ಎದುರಿನಲ್ಲಿ ವಶಪಡಿಸಿಕೊಂಡರು. ಅವರು ತಾವೇ ಬಿಚ್ಚಿಕೊಟ್ಟರು. ತುಂಬುತೋಳಿನ ಅಂಗಿಯ ಗುಂಡಿ ಬಿಚ್ಚಿ ಮೇಲಕ್ಕೆ ಸರಿಸಿದಾಗ ಎಡಗೈ ಮೊಣಕೈವರೆಗೂ ಕಾಣಿಸಿತು.

ಕಾನ್‌ಸ್ಟೇಬಲ್ ಎರಡನ್ನೂ ಠಾಣೆಯ ಗಣಕಕ್ಕೆ ಜೋಡಿಸಿ ಕೂತಳು. ಎರಡರ ಗಡಿಯಾರಕ್ಕೂ ಒಂಬತ್ತು ಸೆಕೆಂಡು ಅಂತರ. ಅದನ್ನು ಸರಿಪಡಿಸಿ, ಒಂದೇ ಹಾಳೆಯಲ್ಲಿ ಎರಡು ಗೆರೆ ಮುದ್ರಿಸಿದಳು. ಮಧ್ಯಾಹ್ನ ಒಂದೂವರೆಗೆ ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಅದನ್ನಿಟ್ಟಳು.

"ಹೇಳು."

"ಹತ್ತು ಐವತ್ತೆರಡರವರೆಗೆ ಇಬ್ಬರೂ ಹದಿನಾಲ್ಕು ಮೀಟರಿನಲ್ಲಿ ಇದಾರೆ ಸರ್. ಆಮೇಲೆ ಈ ನೀಲಿ ಗೆರೆ ಕೆಳಗೆ ಹೋಗ್ತದೆ. ಅದು ಮಾಸ್ಟರ್‌ದು. ಈಜ್ತಿಲ್ಲ, ಸುಮ್ಮನೆ ಕಲ್ಲು ಇಳಿದ ಹಾಗೆ ಇಳೀತಿದಾರೆ."

"ಈಕೆ?"

"ಕೆಂಪು ಗೆರೆ. ಹತ್ತು ಸೆಕೆಂಡು ಅಲ್ಲೇ ಇದೆ." ಅವಳ ಬೆರಳು ಅಲ್ಲೇ ನಿಂತಿತು. "ಆಮೇಲೆ ಅದೂ ಕೆಳಗೆ ಹೋಗ್ತದೆ ಸರ್."

ಇನ್‌ಸ್ಪೆಕ್ಟರ್ ಕನ್ನಡಕ ಹಾಕಿಕೊಂಡರು.

"ಇಪ್ಪತ್ತು ಮೀಟರ್. ಅಲ್ಲಿ ನೆಲ. ಇಬ್ಬರೂ ಒಂದು ನಿಮಿಷ ನಲವತ್ತು ಸೆಕೆಂಡು ಅಲ್ಲೇ ಇದಾರೆ. ಆಮೇಲೆ ಎರಡೂ ಗೆರೆ ಒಟ್ಟಿಗೆ ಮೇಲೆ ಬರ್ತವೆ, ಮೂವತ್ತೈದು ಸೆಕೆಂಡಿನಲ್ಲಿ. ಎರಡು ನಿಮಿಷದ ಮೇಲೆ ತಗೋಬೇಕಾದ ದೂರ."

"ಓಡಿಹೋದವಳನ್ನ ಹಿಡಿಯೋಕೆ ಹೋದೆ ಅಂದಿದಾನೆ."

"ಅವರು ಓಡಿಹೋಗಲಿಲ್ಲ ಸರ್. ಇವರನ್ನ ತರೋಕೆ ಕೆಳಗೆ ಹೋದ್ರು."

ಹದಿನಾಲ್ಕನೇ ತಾರೀಕು ಗುರುವಾರ, ಬೆಳಿಗ್ಗೆ ಎಂಟಕ್ಕೆ ಕಾನ್‌ಸ್ಟೇಬಲ್ ಮತ್ತು ರಕ್ಷಣಾ ದಳದ ಇನ್ನೊಬ್ಬ ಮುಳುಗುಗಾರ ಆ ಸ್ಥಳದಲ್ಲಿ ನೀರಿಗಿಳಿದರು. ದೋಣಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಪಂಚನಾಮೆಯ ಹಾಳೆಗಳನ್ನು ಎದೆಗವಚಿಕೊಂಡು, ಮುಖ ಬಿಳಿಚಿಕೊಂಡು ಕೂತಿದ್ದರು. ಎಂಟು ಮೂವತ್ತೈದಕ್ಕೆ ಅವಳು ಮೇಲೆ ಬಂದಳು. ಕೈಯಲ್ಲಿ ಸೀಸದ ಬೆಲ್ಟ್. ಮಾಸ್ಟರ್ ತಮ್ಮ ಬೆಲ್ಟಿಗೆ ಬಳಿದಿದ್ದ ಹಳದಿ ಬಣ್ಣ ಹಾಗೇ ಇತ್ತು. ಪಟ್ಟಿ ಹರಿದಿರಲಿಲ್ಲ, ಕೊಂಡಿಯನ್ನು ಕೈಯಿಂದ ಬಿಚ್ಚಲಾಗಿತ್ತು.

ಅವಳು ದೋಣಿಯ ಅಂಚಿಗೆ ಒರಗಿ ಕೂತಳು. ಹೆಡ್ ಕಾನ್‌ಸ್ಟೇಬಲ್ ಟವೆಲು ಕೊಟ್ಟರು.

"ಅದು ಆ ನರ್ಸಮ್ಮನ ನಾಲ್ಕನೇ ಡೈವ್ ಅಣ್ಣ," ಎಂದಳು. "ಬೆಲ್ಟ್ ಬಿಚ್ಚಿದ ತಕ್ಷಣ ಮಾಸ್ಟರ್ ಮೈ ಮೇಲಕ್ಕೆ ಹಾರಿರತ್ತೆ. ಆಗ ಕೈ ಬಿಟ್ಟಿದ್ರೆ ಸಾಕಿತ್ತು. ಇವರು ನಿಧಾನಕ್ಕೆ ಬರಬಹುದಿತ್ತು."

"ಬಿಟ್ಟಿದ್ರೆ ಮಾಸ್ಟರ್ ಬಾಯಿಂದ ಪೈಪು ಬೀಳ್ತಿತ್ತೇನೋ."

"ಹ್ಞೂಂ. ಅದಕ್ಕೇ ಬಿಡಲಿಲ್ಲ."

ಡೈವಿಂಗ್ ಕಲಿಸುವವರು ಪ್ರತಿ ವರ್ಷ ಆರೋಗ್ಯ ಸರಿಯಿದೆಯೆಂಬ ಡಾಕ್ಟರ ಪ್ರಮಾಣಪತ್ರ ಕೊಡಬೇಕು. ಫಿಟ್ಸ್ ಇರುವವರಿಗೆ ಅದು ಸಿಗುವುದಿಲ್ಲ. ಮಾಸ್ಟರ್ ಪ್ರಮಾಣಪತ್ರ ನಾಲ್ಕು ತಿಂಗಳ ಹಿಂದಿನದು, ಎಲ್ಲ ಸರಿಯಾಗಿತ್ತು. ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿ, 'ಗುರುತಿನ ಚಿಹ್ನೆ' ಎಂಬಲ್ಲಿ ತಡೆದರು. ಎಡಗೈಯ ಮುಂದೋಳಿನಲ್ಲಿ ಹಳೆಯ ಸುಟ್ಟ ಕಲೆ.

"ಕಂಪ್ಯೂಟರ್ ಬಿಚ್ಚಿಕೊಟ್ಟಾಗ ಕೈ ನೋಡಿದೆಯಾ?"

"ನೋಡಿದೆ ಸರ್. ಏನೂ ಇರಲಿಲ್ಲ." ಅವಳು ಬಗ್ಗಿ ಆ ಸಾಲು ಓದಿದಳು. "ಅವರ ಅಣ್ಣನಿಗಿದೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ರೇಡಿಯೇಟರಿನ ಬಿಸಿನೀರು ಚಿಮ್ಮಿ ಆಗಿದ್ದು. ಇಬ್ಬರೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿದಾರೆ."

ಡಿಪೋದಲ್ಲಿ ಅಣ್ಣ ಬಸ್ಸಿನಡಿಯಿಂದ ಹೊರಬಂದು ಅಂಗಿಯ ತೋಳು ಮಡಿಸಿಕೊಂಡೇ ನಿಂತ. ಸುಟ್ಟ ಕಲೆಯನ್ನು ಮುಚ್ಚಿಕೊಳ್ಳುವ ಪ್ರಯತ್ನ ಮಾಡಲಿಲ್ಲ.

"ತಮ್ಮನ ಗುರುತಿನ ಚೀಟಿ ತಗೊಂಡು ಡಾಕ್ಟರ ಹತ್ರ ಹೋದದ್ದು ನೀವಾ?"

"ನಾನೇ."

"ಎಷ್ಟು ಸಲ?"

"ಎರಡು. ನಾಲ್ಕು ತಿಂಗಳ ಹಿಂದೆ ಒಂದು, ಅದರ ಹಿಂದಿನ ವರ್ಷ ಒಂದು."

"ಅವನಿಗೆ ಫಿಟ್ಸ್ ಬರೋದು ಗೊತ್ತಿತ್ತಾ?"

"ಮೊದಲ ಸಲ ಬಂದಾಗ ನನ್ನ ತೊಡೆ ಮೇಲೇ ಬಿದ್ದ. ಗುಳಿಗೆ ನುಂಗ್ತಿದೀನಿ, ಎಂಟು ತಿಂಗಳಿಂದ ಬಂದಿಲ್ಲ ಅಂದ. ನಂಬಿದೆ. ಚಿಕ್ಕಂದಿನಿಂದ ನನ್ನ ಹತ್ರ ಏನನ್ನೂ ಕೇಳಿದವನಲ್ಲ ಸರ್. ಇದೊಂದು ಕೇಳಿದ."

ಹದಿನೆಂಟನೇ ತಾರೀಕು ಸೋಮವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ತಾವೇ ಅಂಚೆ ಕಚೇರಿಗೆ ಹೋದರು. ಆ ಸಾಲನ್ನು ಹಿಂದಕ್ಕೆ ಪಡೆದು ಬರೆದ ವರದಿಯ ಪ್ರತಿಯನ್ನು ಅಕ್ಕನ ಕೈಗೆ ಕೊಟ್ಟರು. ಆಕೆ ಕೌಂಟರಿನ ಒಳಗೆ ನಿಂತು ಪೂರ್ತಿ ಓದಿದರು. ಹೊರಗೆ ನಾಲ್ಕೈದು ಜನ ಸಾಲಿನಲ್ಲಿ ಕಾಯುತ್ತಿದ್ದರು.

"ಅವಳಿಗೆ ತುಂಬಾ ನೋವಾಗಿರತ್ತಾ?"

"ಬೇಗ ಪ್ರಜ್ಞೆ ಹೋಗಿರತ್ತೆ ಅಂದ್ರು ಡಾಕ್ಟರು."

"ಆ ಮನುಷ್ಯ ಬದುಕಿದಾನೆ ಅಂತ ಅವಳಿಗೆ ಗೊತ್ತಾಗಿರತ್ತಾ?"

ಆಕೆ ಹಾಳೆಯನ್ನು ಮಡಚಿ ಚೀಲದಲ್ಲಿಟ್ಟು, ಸಾಲಿನಲ್ಲಿದ್ದವರನ್ನು ಮುಂದೆ ಬರಹೇಳಿದರು.

ಅದೇ ದಿನ ಮಧ್ಯಾಹ್ನ ಮೂರೂ ಕಾಲಿಗೆ ಡೈವಿಂಗ್ ಕೇಂದ್ರದ ಪಾಠದ ಕೋಣೆಯಲ್ಲಿ ಮಾಸ್ಟರ್ ಒಬ್ಬರೇ ಇದ್ದರು. ತೊಳೆದ ಮುಖವಾಡಗಳನ್ನು ಒಂದೊಂದಾಗಿ ಒರೆಸಿ ಕಪಾಟಿನಲ್ಲಿ ಇಡುತ್ತಿದ್ದರು. ಇನ್‌ಸ್ಪೆಕ್ಟರ್ ಬೆಂಚಿನ ಮೇಲೆ ಎರಡು ಗೆರೆಗಳ ಆ ಹಾಳೆ ಹರಡಿದರು.

"ಓದಿ."

ಇಪ್ಪತ್ತೆರಡು ವರ್ಷ ಇಂಥ ಗೆರೆಗಳನ್ನು ಓದಲು ಕಲಿಸಿದ್ದ ಮನುಷ್ಯ. ಬೆರಳಿಟ್ಟು ಓದತೊಡಗಿದರು. "ಇದು ನಂದು," ಎಂದರು. "ಇಲ್ಲಿ ನನಗೆ ಬಂತು." ಬೆರಳು ಕೆಂಪು ಗೆರೆಗೆ ಬಂತು, ಅದರ ಜೊತೆ ಕೆಳಗಿಳಿಯಿತು, ನಿಂತಿತು.

"ಇವರು ಯಾಕೆ ಕೆಳಗೆ ಬಂದ್ರು?"

ಕಾನ್‌ಸ್ಟೇಬಲ್ ಕಿಟಕಿಯ ಕಡೆ ತಿರುಗಿಕೊಂಡಳು.

"ನಿಮಗೆ ಏನು ನೆನಪಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಮೀನಿನ ಹಿಂಡು ತೋರಿಸ್ತಿದ್ದೆ. ಆಮೇಲೆ ದೋಣಿ. ಅವರು ಪಕ್ಕದಲ್ಲಿ ಮಲಗಿದ್ರು, ಬಾಯಲ್ಲಿ ನೊರೆ. ನಡುವೆ ಏನೂ ಇಲ್ಲ."

"ಹೆದರಿ ಓಡಿದ್ರು ಅಂದ್ರಲ್ಲ?"

"ನಾನು ಎಚ್ಚರ ತಪ್ಪಿದ್ದು ನೋಡಿ ಹೆದರಿ ಮೇಲಕ್ಕೆ ಓಡಿರಬೇಕು ಅಂದ್ಕೊಂಡೆ. ಹೊಸಬರು ಹಾಗೇ ಮಾಡ್ತಾರೆ. ಅರ್ಧ ನಿಜ ಅಲ್ವಾ ಅಂತ ನನಗೆ ನಾನೇ ಹೇಳ್ಕೊಂಡೆ."

"ಕಂಪ್ಯೂಟರ್ ನಿಮ್ಮ ಕೈಯಲ್ಲೇ ಇತ್ತು. ತೆಗೆದು ನೋಡಲಿಲ್ಲ?"

"ಮೂರು ದಿನ ಕಟ್ಕೊಂಡೇ ಇದ್ದೆ. ಧೈರ್ಯ ಬರಲಿಲ್ಲ."

ಅವರು ಹಾಳೆಯಿಂದ ಬೆರಳು ತೆಗೆದಿರಲಿಲ್ಲ. "ನಾಲ್ಕನೇ ಡೈವ್‌ನಲ್ಲಿ ಇದನ್ನ ಯಾರೂ ಮಾಡಲ್ಲಮ್ಮ," ಎಂದು ಕಾನ್‌ಸ್ಟೇಬಲ್‌ಗೆ ಹೇಳಿದರು. ಆಮೇಲೆ ಮುಖ ಮುಚ್ಚಿಕೊಂಡರು. ನಾಲ್ಕು ನಲವತ್ತಕ್ಕೆ ಅವರನ್ನು ದಸ್ತಗಿರಿ ಮಾಡಲಾಯಿತು. ಎರಡನೇ ಆರೋಪಿಯಾದ ಅಣ್ಣ ತಾನೇ ನಡೆದುಕೊಂಡು ಠಾಣೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದ.

ಹೇಳಿಕೆ ನಾಲ್ಕು ಪುಟವಾಯಿತು. ಆರೋಗ್ಯದ ಅರ್ಜಿಯಲ್ಲಿ ಕಾಯಿಲೆ ಕಂಡು ಎಷ್ಟೋ ಜನರನ್ನು ತಾನೇ ದಡದಿಂದ ವಾಪಸು ಕಳಿಸಿದ್ದೆನೆಂದು ಮಾಸ್ಟರ್ ಹೇಳಿದರು. ಅವರು ಬೇಡಿಕೊಂಡರೂ ಬಿಟ್ಟಿರಲಿಲ್ಲ.

"ಮತ್ತೆ ನೀವು?" ಎಂದು ಇನ್‌ಸ್ಪೆಕ್ಟರ್ ಕೇಳಿದ್ದಕ್ಕೆ ಮಾಸ್ಟರ್ ಮನೆಯ ವಿಷಯ ಹೇಳತೊಡಗಿದರು.

ಕಾಯಿಲೆ ಗೊತ್ತಾದ ಮೇಲೆ ಮನೆಯವರು ಬಚ್ಚಲ ಬಾಗಿಲಿನ ಚಿಲಕ ತೆಗೆಸಿದ್ದರು. ಸ್ನಾನಕ್ಕೆ ಹೋದರೆ ಮಗಳು ಹೊರಗೆ ನಿಂತು ಎರಡು ನಿಮಿಷಕ್ಕೊಮ್ಮೆ 'ಅಪ್ಪಾ' ಎಂದು ಕೂಗುವಳು. 'ಹ್ಞಾಂ' ಎನ್ನದಿದ್ದರೆ ಒಳಗೆ ಬರುವಳು. ಹೆಂಡತಿ ಬಿಸಿನೀರಿನ ಪಾತ್ರೆ ಮುಟ್ಟಗೊಡುತ್ತಿರಲಿಲ್ಲ. ರಸ್ತೆ ದಾಟುವಾಗ ಯಾರಾದರೂ ಮೊಣಕೈ ಹಿಡಿಯುವರು. ಪ್ರೀತಿಯಿಂದಲೇ ಮಾಡುತ್ತಿದ್ದರು, ಒಬ್ಬರದೂ ತಪ್ಪಿಲ್ಲ ಎಂದರು.

"ನೀರಿನಡಿ ನನ್ನನ್ನ ಯಾರೂ ಕೂಗ್ತಿರಲಿಲ್ಲ ಸರ್. ಅಲ್ಲಿ ಎಲ್ಲರೂ ನನ್ನ ಮುಖ ನೋಡಿ ಧೈರ್ಯ ತಗೊಳ್ಳೋರು. ದಿನಕ್ಕೆ ನಲವತ್ತು ನಿಮಿಷ. ಅಷ್ಟು ಬಿಟ್ಟುಕೊಡೋಕೆ ನನ್ನಿಂದ ಆಗಲಿಲ್ಲ."

ಹೆಡ್ ಕಾನ್‌ಸ್ಟೇಬಲ್ ಅದನ್ನು ಹೇಳಿದ ಹಾಗೆಯೇ ಬರೆದುಕೊಂಡು, ಒಮ್ಮೆ ಓದಿ ಹೇಳಿದರು. ಮಾಸ್ಟರ್ ಸರಿಯಿದೆಯೆಂದು ತಲೆಯಾಡಿಸಿ, ತೋರಿಸಿದ ಜಾಗದಲ್ಲಿ ಸಹಿ ಹಾಕಿದರು.